ಅಳದೆ ಕಳಿಸಿದ ಮಧ್ಯಾಹ್ನ

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಈಗಲೂ ನಾನು ಆ ಅಂಗಡಿಯನ್ನು ಬೇಗ ಬೇಗ ದಾಟಿಬಿಡುತ್ತೇನೆ.

ನನಗಾಗ ಏಳು ವರ್ಷ. ಕಮಲಾಪುರದ ಹತ್ತಿರದ ನಮ್ಮ ಲಂಬಾಣಿ ತಾಂಡಾದಿಂದ ಯಾಡಿ, ಅಂದರೆ ಅವ್ವ, ನನ್ನನ್ನು ಕಲಬುರಗಿಗೆ ಕರೆದೊಯ್ದಳು. ಗುಡಿ ನೋಡಿಕೊಂಡು ಸಂಜೆಗೆ ಮರಳೋಣ ಅಂದಿದ್ದಳು. ನಂಬಿದೆ. ನಮ್ಮಲ್ಲಿ ಯಾರನ್ನೇ ದೂರ ಕಳಿಸುವಾಗಲೂ ಹೆಂಗಸರು ಕೊರಳು ತಬ್ಬಿ ರಾಗವಾಗಿ ಅಳುತ್ತಾರೆ. ಆ ದಿನ ಯಾರೂ ಅತ್ತಿರಲಿಲ್ಲ.

ಹೋಗಿದ್ದು ಗುಡಿಗಲ್ಲ, ವಸತಿ ಶಾಲೆಗೆ. ಅಲ್ಲಿ ಪಾಠ ಹೇಳುವ ಅಕ್ಕೋರು ನನ್ನ ಕನ್ನಡಿ ಹೊಲಿದ ಲಂಗ ಬಿಚ್ಚಿಸಿ ಒರಟು ನೀಲಿ ಅಂಗಿ ತೊಡಿಸಿದರು. "ಇನ್ನ ಮ್ಯಾಲೆ ಕನ್ನಡದಾಗ ಅಷ್ಟ ಮಾತಾಡ್ಬೇಕು" ಎಂದರು. ಯಾಡಿ ನನ್ನ ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟು, "ತಿಂತಿರು, ಬಂದೆ" ಎಂದು ಹೊರಗೆ ಹೋದಳು. ಅವಳಿಗೆಂದು ಅರ್ಧ ಉಳಿಸಿದೆ. ಅದು ಕೈಯಲ್ಲೇ ಕಪ್ಪಾಯಿತು.

ಅಕ್ಕೋರು ಅಡುಗೆಯವಳಿಗೆ ಹೇಳುತ್ತಿದ್ದರು: "ಇಕೀ ಅವ್ವ ಗಟ್ಟಿ ಹೆಣ್ಣು. 'ನೀ ಅತ್ರ ಕೂಸು ಇಲ್ಲಿ ನಿಲ್ಲಂಗಿಲ್ಲ' ಅಂತ ಆಕಿಗೆ ಮೊದ್ಲ ಅಂದಿದ್ದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡು."

ದೀಪಾವಳಿ ರಜೆಗೆ ತಾಂಡಾಕ್ಕೆ ಹೋದಾಗ ಯಾಡಿ ಬಾಗಿಲಲ್ಲೇ ನನ್ನ ಕೊರಳು ತಬ್ಬಿ, ರಾಗ ಎತ್ತಿ ಅಳತೊಡಗಿದಳು.

"ಸುಮ್ನಿರು," ಅಂದೆ ನಾನು, ಕನ್ನಡದಲ್ಲಿ.