ಕೊನೆಯ ಪಾಳಿ

ಮಗುವಿಗೆ ಏಳು ವರ್ಷ ತುಂಬಿದರೆ ಕೆರೆ ಏರಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಬೇಕು. ಲಸಿಕೆ ಹಾಕಿಸಿದಷ್ಟೇ ಮಾಮೂಲು. ತೂಬನ್ನು ಎಷ್ಟು ದಿನ ತೆರೆಯಬೇಕೆಂದು ಕೆರೆ ತಾನೇ ಹೇಳುತ್ತದೆ. ಅದು ಕೇಳಿಸುವುದು ಮಾತ್ರ ಸಾವಿರಕ್ಕೊಂದು ಮಗುವಿಗೆ. ಆ ಮಗುವೇ ಮುಂದೆ ಮೂರೂರಿಗೂ ನೀರು ಹಂಚುವ ನೀರುಗಂಟಿ. ಪಕ್ಷಪಾತ ಬರಬಾರದೆಂದು ನೀರುಗಂಟಿಯ ಮನೆಯ ಗದ್ದೆಗೆ ಎಲ್ಲರಿಗಿಂತ ಕೊನೆಗೆ ನೀರು. ಕೆರೆ ತುಂಬದ ವರ್ಷ ಆ ಗದ್ದೆ ಒಣಗುವುದೂ ಉಂಟು.

ಅದಕ್ಕೇ ಓಬಕ್ಕ ದಾರಿಯುದ್ದಕ್ಕೂ ಮಗಳು ಸಣ್ಣಿಗೆ ಹೇಳಿಕೊಟ್ಟಿದ್ದಳು: "ಕೇಳಿಸಿದ್ರೂ ಇಲ್ಲ ಅನ್ನು."

ಮುದುಕಿ ನೀರುಗಂಟಿ ಬೋರಜ್ಜಿ ಐದು ಮಡಕೆ ಇಟ್ಟಳು. ನಾಲ್ಕರಲ್ಲಿ ಬಾವಿ ನೀರು, ಒಂದರಲ್ಲಿ ಕೆರೆಯದು. ಸಣ್ಣಿ ಒಂದೊಂದಕ್ಕೂ ಕಿವಿಯಿಟ್ಟಳು.

"ಏನಾರ ಕೇಳಿಸ್ತೇನವ್ವಾ?"

"ಇಲ್ಲಜ್ಜಿ."

ಅಜ್ಜಿ ಪುಸ್ತಕದಲ್ಲಿ 'ಇಲ್ಲ' ಎಂದು ಬರೆದಳು. ಓಬಕ್ಕನಿಗೆ ಹೋದ ಉಸಿರು ಬಂತು. "ನಡಿ ಮಗಾ, ಹೋಗಾನ."

ಸಣ್ಣಿ ಹೊರಡಲಿಲ್ಲ. ನಾಲ್ಕನೆಯ ಮಡಕೆಯನ್ನು ಅವುಚಿಕೊಂಡು ಮೆಟ್ಟಿಲಿಳಿದು, ಒಂದು ಹನಿಯೂ ಆಚೆ ಚೆಲ್ಲದಂತೆ ಮೆಲ್ಲಗೆ ಕೆರೆಗೆ ಸುರಿದಳು. ಹತ್ತಿ ಬಂದು ಅಮ್ಮನ ಕಿವಿಯಲ್ಲಿ, "ಮನೆಗೋಗ್ಬೇಕು ಅಂತ ಅಳ್ತಿತ್ತಮ್ಮ," ಎಂದಳು.

ಬೋರಜ್ಜಿ ನೋಡಿಯೂ ನೋಡದವಳಂತೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಪುಸ್ತಕವನ್ನು ಮಾತ್ರ ಮುಚ್ಚಿರಲಿಲ್ಲ.

ಓಬಕ್ಕ ಮಗಳ ಒದ್ದೆ ಕೈಗಳನ್ನು ಸೆರಗಿನಿಂದ ಒರೆಸಿದಳು. ಏರಿಯ ಕೆಳಗೆ ಹಸಿರಾಗಿ ನಿಂತಿದ್ದ ತನ್ನ ಗದ್ದೆಯನ್ನು ಒಮ್ಮೆ ನೋಡಿದಳು.

"ಬರ್ದಿದ್ದನ್ನ ಹೊಡ್ದಾಕಜ್ಜಿ," ಎಂದಳು. "ನಮ್ ಗದ್ದೆ ಕಾಯ್ತೈತೆ."