ಊರ ಮಕ್ಕಳ ಸಾಲು

ಆ ಹಸಿರು ಮಖಮಲ್ಲಿನ ಗೌನಿನ ಎಡತೋಳಿಗೆ ಮೂರು ಗುಂಡಿಗಳಿದ್ದವು, ಒಂದು ಒಡೆದಿತ್ತು. ಬಟ್ಟೆಗೆಲ್ಲ ನುಸಿಗುಳಿಗೆಯ ವಾಸನೆ. ಸ್ವೀಡನ್ನಿನಲ್ಲಿ ನಾವಿರುವ ಉಪ್ಸಾಲಾದ ಹಳೆಬಟ್ಟೆ ಅಂಗಡಿಗಳಲ್ಲಿ ಆ ವಾಸನೆ ಈಗಲೂ ನನ್ನನ್ನು ತಡೆದು ನಿಲ್ಲಿಸುತ್ತದೆ.

ನನಗಾಗ ಒಂಬತ್ತು ವರ್ಷ. ರಜೆಗೆಂದು ಸ್ವೀಡನ್ನಿನಿಂದ ಆಲ್ಪ್ಸ್ ಬೆಟ್ಟಗಳ ನಡುವಿನ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಹಳೆಯ ಊರಿಗೆ ಹೋಗಿದ್ದೆವು. ನಾವು ತಲುಪಿದ ಮರುದಿನವೇ ಅಲ್ಲಿನ ಕೋಟೆಹಬ್ಬ. ಹಳೆಕಾಲದ ಉಡುಪು ತೊಟ್ಟರೆ ಹೊರಗಿನ ಮಕ್ಕಳೂ ಮೆರವಣಿಗೆಯಲ್ಲಿ ನಡೆಯಬಹುದಿತ್ತು. ಹಿಂದಿನ ದಿನ ಉಡುಪು ಹಂಚುವ ಮೇಜಿನಿಂದ ನಾನು ಆ ಹಸಿರು ಗೌನನ್ನು ಎತ್ತಿಕೊಂಡೆ. ಉಡುಪು ಹಂಚುತ್ತಿದ್ದ ಮುದುಕಿ ನನ್ನ ಮುಖ ನೋಡಿ, ಅದನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡು ಜರಿಯ ಮುಂಡಾಸೊಂದನ್ನು ಕೊಟ್ಟಳು.

"ಅದು ಮೊದಲ ಸಾಲಿನ ಊರ ಮಕ್ಕಳಿಗೆ. ನೀನು ದೂರದೇಶದ ವ್ಯಾಪಾರಿಯ ಮಗಳು. ಕೊನೆಯ ಸಾಲು," ಎಂದಳು ಇಂಗ್ಲಿಷಿನಲ್ಲಿ.

"ಹಾಕ್ಕೋ ಪುಟ್ಟಿ, ಒಂದು ಗಂಟೆ ತಾನೆ. ಅಡ್ಜಸ್ಟ್ ಮಾಡ್ಕೋ," ಅಂದರು ಅಪ್ಪ.

ಯಾವಾಗಲೂ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದ ನಾನು ಅಂದು ಕನ್ನಡದಲ್ಲೇ ಅಂದೆ: "ನೀನೇ ಹಾಕ್ಕೋ ಅಪ್ಪ."

"ಬಾಯಿ ನೋಡು ಇವಳದು," ಎಂದು ಅಮ್ಮ ಗದರಿದಳು. ಆದರೆ ಮುಂಡಾಸನ್ನು ಮೇಜಿನ ಮೇಲೆ ವಾಪಸ್ ಇಟ್ಟವಳು ಅವಳೇ.

ಮರುದಿನ ಬೆಳಿಗ್ಗೆ ನನ್ನ ಹಳದಿ ರೇನ್‌ಕೋಟಿನಲ್ಲೇ ಹೋಗಿ, ಆ ಊರಿನ ಮಕ್ಕಳ ಮೊದಲ ಸಾಲಿನಲ್ಲಿ ನಿಂತು, ಕೋಟೆಯವರೆಗೂ ನಡೆದೆ.