ಸಣ್ಣತಾಯಮ್ಮನ ಸನ್ಮಾನ ಪತ್ರ

ಊಟ ಮುಗಿಸಿಕೊಂಡು ಓದಿ... ಇಲ್ಲದಿದ್ದರೆ ನಡುವೆಯೇ ಹಸಿವಾದೀತು!

ತಿಪಟೂರಿನ ಕಡೆಯ ಒಂದು ಸರ್ಕಾರಿ ಶಾಲೆ. ಅಲ್ಲಿನ ಕನ್ನಡ ಮೇಷ್ಟ್ರು ಆರಾಧ್ಯರು ಸನ್ಮಾನ ಪತ್ರ ಬರೆಯುವುದರಲ್ಲಿ ಎತ್ತಿದ ಕೈ.

ಸುತ್ತಮುತ್ತ ಯಾರೇ ನಿವೃತ್ತರಾಗಲಿ, ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಮೇಷ್ಟ್ರ ಪತ್ರ ಇರಲೇಬೇಕು. ಓದಿದರೆ ಮೈಕೇ ನಡುಗಬೇಕು... ಅಂಥಂಥ ಪದಗಳು!

ಈ ಸಲ ಕೆಲಸದಿಂದ ನಿವೃತ್ತರಾಗುತ್ತಿದ್ದವರು ಬಿಸಿಯೂಟದ ಸಣ್ಣತಾಯಮ್ಮ. ಇಪ್ಪತ್ತು ವರ್ಷ ಅದೇ ಶಾಲೆಯ ಒಲೆ ಮುಂದೆ ನಿಂತವರು.

ಶಾಲಾ ಸಮಿತಿಯ ಅಧ್ಯಕ್ಷ ಉಮಾಪತಿ ಈಗ ಕೊಬ್ಬರಿ ವ್ಯಾಪಾರಿ. ಆ ಶಾಲೆಯಲ್ಲೇ ಓದಿದವನು. ಮೇಷ್ಟ್ರ ಹತ್ತಿರ ಬಂದು, "ಸಾ, ಗಟ್ಟಿ ಗಟ್ಟಿ ಪದ ಹಾಕಿ. ನಮ್ಮವ್ವ ಇದ್ದಂಗೆ ಅವ್ರು" ಎಂದಿದ್ದ.

ಮೇಷ್ಟ್ರು ಹಾಕಿದರು. ಪ್ರಿಂಟ್ ಆಯಿತು, ಗಾಜಿನ ಫ್ರೇಮೂ ಆಯಿತು.

ಸಮಾರಂಭದ ಹಿಂದಿನ ದಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಊಟದ ಬೆಲ್ಲಿಗೆ ಮುಂಚೆಯೇ ಅಡುಗೆಮನೆಗೆ ಹೋಗಿ, ಗಂಟಲು ಸರಿಮಾಡಿಕೊಂಡು ಓದಿದರು.

"ಅನ್ನದಾನ ಮಹಾಯಜ್ಞದ ಧುರೀಣೆಯೇ... ಸರಳ ಸಜ್ಜನಿಕೆಯ ಸಾಕಾರಮೂರ್ತಿಯೇ... ನಿಸ್ವಾರ್ಥ ಸೇವೆಯ ಮೇರುಶಿಖರವೇ..."

ಸಣ್ಣತಾಯಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಭಕ್ತಿಯಿಂದ ಕೇಳಿದರು.

"ಭಾಳ ಚೆನ್ನಾಗೈತೆ ಸಾ... ಯಾರ್ದು ಇದು? ನಾಳೆ ನನ್ ಜೊತೆ ಇನ್ಯಾರ್ಗಾದ್ರೂ ಸನ್ಮಾನ ಐತಾ?"

"ಅಯ್ಯೋ, ನಿಮ್ದೇ ಕಣಮ್ಮ!"

"ನಂದಾ!... ಇದ್ರಾಗೆ ನಾನು ಎಲ್ಲಿದೀನಿ ಸಾ?"

ಆಕೆ ತಮಾಷೆ ಮಾಡಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ನಿಜವಾಗಿಯೂ ಹುಡುಕುತ್ತಿದ್ದರು...

ಮೇಷ್ಟ್ರ ಮುಖ ಸಪ್ಪಗಾಯಿತು. ಕಳೆದ ತಿಂಗಳು ಪೋಸ್ಟ್‌ಮಾಸ್ಟರಿಗೆ ಓದಿದ್ದೂ ಇದೇ ಪತ್ರ! ಅಲ್ಲಿ ಅಂಚೆ ಇತ್ತು, ಇಲ್ಲಿ ಅನ್ನ ಬಂದಿತ್ತು, ಅಷ್ಟೇ.

‘ಪದ ಆರಿಸುವುದರಲ್ಲೇ ಸಾಹಿತ್ಯ ಇರೋದು ಮಕ್ಕಳೇ’ ಎಂದು ಮೂವತ್ತು ವರ್ಷದಿಂದ ಪಾಠ ಹೇಳುತ್ತಿರುವವರು ತಾನೇ ಇವರು? ಈ ಹೆಂಗಸಿಗೆ ಜೀವಮಾನದಲ್ಲಿ ಸಿಗುವುದು ಇದೊಂದೇ ಸನ್ಮಾನ. ಅದೂ ಬೇರೆಯವರ ಪಾಲಿನದಾಗಿಬಿಟ್ಟರೆ?

ಅಷ್ಟರಲ್ಲಿ ಊಟದ ಬೆಲ್ ಆಯಿತು. ಮೇಷ್ಟ್ರು ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ನಿಂತರು.

ಒಂದು ಸಾಲಿನಲ್ಲಿ ಹೊಸ ಸಹಾಯಕಿ ಬಡಿಸುತ್ತಿದ್ದಳು. "ಇನ್ನೂ ಬೇಕಾ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದಳು. ಮಕ್ಕಳು ಅಕ್ಕಪಕ್ಕ ನೋಡಿ "ಬ್ಯಾಡ" ಎಂದು ಎದ್ದುಹೋಗುತ್ತಿದ್ದರು.

ಇನ್ನೊಂದು ಸಾಲಿನಲ್ಲಿ ಸಣ್ಣತಾಯಮ್ಮ...

"ಯಾರ್ರಪ್ಪಾ ನಂಗೊಂದು ಸಹಾಯ ಮಾಡೋರು? ಈ ತಪ್ಲೆ ಖಾಲಿ ಮಾಡ್ಕೊಡ್ರೋ... ಬೇಗ ಬೆಳಗಿಟ್ಟು ಮನೀಗೋಗ್ಬೇಕು!"

"ನಾನ್ ಮಾಡ್ತೀನಿ! ನಾನ್ ಮಾಡ್ತೀನಿ!" ಹತ್ತು ತಟ್ಟೆಗಳು ಒಟ್ಟಿಗೆ ಮುಂದೆ ಬಂದವು.

ಮೇಷ್ಟ್ರು ಹತ್ತಿರ ಹೋದರು. "ಅಲ್ಲಮ್ಮ, ನೀವು ಯಾಕೆ ‘ಬೇಕಾ’ ಅಂತ ಕೇಳೋದಿಲ್ಲ?"

"ಬೇಕಾ ಅಂದ್ರೆ ನಾಚ್ಕೊತವೆ ಸಾ. ನಾಕ್ ಜನದ್ ಮುಂದೆ ‘ಬೇಕು’ ಅನ್ನಾಕೆ ಹಸ್ದೋರಿಗೇ ಭಾಳ ಕಷ್ಟ. ಸಹಾಯ ಮಾಡು ಅಂದ್ರೆ... ಎದೆ ಉಬ್ಬಿಸ್ಕೊಂಡು ಉಣ್ತವೆ!"

ಮೇಷ್ಟ್ರು ಸೀದಾ ಸ್ಟಾಫ್ ರೂಮಿಗೆ ಹೋಗಿ ಫ್ರೇಮ್ ಬಿಚ್ಚಿದರು. ಪತ್ರ ಹರಿದು ಬುಟ್ಟಿಗೆ ಹಾಕಿದರು. ಬಿಳಿ ಹಾಳೆ ತೆಗೆದು ಮೂರು ಪೀರಿಯಡ್ ಒದ್ದಾಡಿ ಸ್ವಂತ ಕೈಯಲ್ಲಿ ಬರೆದದ್ದು ನಾಲ್ಕೇ ಸಾಲು.

ಮರುದಿನ ಶಾಮಿಯಾನದ ತುಂಬಾ ಜನ. ಮೇಷ್ಟ್ರು ಮೈಕ್ ಮುಂದೆ ಓದಿದರು...

"ಸಣ್ಣತಾಯಮ್ಮ ಇಪ್ಪತ್ತು ವರ್ಷ ಈ ಶಾಲೆಯಲ್ಲಿ ಅನ್ನ ಬೇಯಿಸಿದರು.

ಯಾವ ಮಗುವನ್ನೂ ‘ಬೇಕಾ’ ಎಂದು ಕೇಳಲಿಲ್ಲ. ‘ತಪ್ಪಲೆ ಖಾಲಿ ಮಾಡಿಕೊಡಿ’ ಎಂದು ತಾವೇ ಬೇಡಿದರು.

ಹಸಿದವರು ಯಾರೆಂದು ಅವರಿಗೆ ಗೊತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಗೊತ್ತಾಗಲಿಲ್ಲ.

ಈ ಶಾಲೆಯ ನಿಜವಾದ ಕನ್ನಡ ಮೇಷ್ಟ್ರು ಇವರು."

ಗಟ್ಟಿ ಪದ ಹಾಕಿ ಎಂದಿದ್ದ ಉಮಾಪತಿ ಎದ್ದು ನಿಂತಿದ್ದ. ಮೇಷ್ಟ್ರು ಪತ್ರ ಕೆಳಗಿಳಿಸಿದರು. ಬೈಯುತ್ತಾನೇನೋ...

"ಸಾ... ದಿನಾ ಮೂರ್ ಸಲ ಹಾಕಿಸ್ಕೊಂಡು, ಇವ್ರಿಗೆ ನಾನೇ ಸಹಾಯ ಮಾಡ್ತಿದೀನಿ ಅಂತ ಮೆರೀತಿದ್ದೆ. ನಮ್ಮನೇಲಿ ರಾತ್ರಿ ಒಲೆ ಹತ್ತದೇ ಇದ್ದ ದಿನಗಳು ಎಷ್ಟೋ... ಅವ್ವಾ, ನಿಂಗೆ ಗೊತ್ತಿತ್ತಾ?"

ಸಣ್ಣತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿನ್ ತಟ್ಟೆ ನೋಡಿದ್ರೆ ಗೊತ್ತಾಗಕಿಲ್ವಾ ಮಗ? ಒಂದ್ ಅಗುಳೂ ಬಿಡ್ತಿರಲಿಲ್ಲ ನೀನು..."

ಅಷ್ಟು ದೊಡ್ಡ ಆಳು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಶಾಮಿಯಾನದಲ್ಲಿ ಇನ್ನೂ ಎಷ್ಟು ಮಂದಿ ಕಣ್ಣೊರೆಸಿಕೊಂಡರೋ, ಲೆಕ್ಕವಿಲ್ಲ. ಅವರೂ ಒಂದು ಕಾಲಕ್ಕೆ "ಸಹಾಯ" ಮಾಡಿದವರೇ!

ಸಣ್ಣತಾಯಮ್ಮ ಪತ್ರವನ್ನು ಎದೆಗೊತ್ತಿಕೊಂಡು, "ಇದು ನಂದೇ ಸಾ... ಇದ್ರಾಗೆ ನಾನಿದೀನಿ" ಎಂದರು.

ಆಮೇಲೆ ಎಲ್ಲರ ಮುಖ ನೋಡಿ, ಮೈಕ್ ಎಳೆದುಕೊಂಡರು.

"ಅಳೋದೆಲ್ಲ ಆಮೇಲೆ... ಪಾಯಸ ಸಿಕ್ಕಾಪಟ್ಟೆ ಮಾಡ್ಬುಟ್ಟಿದೀನಿ. ಯಾರ್ರಪ್ಪಾ ತಪ್ಲೆ ಖಾಲಿ ಮಾಡ್ಕೊಡೋರು?"

ಶಾಮಿಯಾನವೆಲ್ಲ ಗೊಳ್ಳೆಂದು ನಕ್ಕಿತು. ಸಾಲಿನಲ್ಲಿ ಮೊದಲು ನಿಂತವನು ಉಮಾಪತಿ... ಅವನ ಹಿಂದೆಯೇ, ತಟ್ಟೆ ಹಿಡಿದುಕೊಂಡು ಆರಾಧ್ಯ ಮೇಷ್ಟ್ರು!

🙏

ಎದುರಿಗಿರುವವರು ತಲೆ ತಗ್ಗಿಸದ ಹಾಗೆ ನೋಡಿಕೊಳ್ಳುವ ಪದವೇ ಎಲ್ಲಕ್ಕಿಂತ ದೊಡ್ಡ ಪದ.

ಇವತ್ತು ನೀವು ಯಾರಿಗೋ ಏನನ್ನೋ ಕೊಟ್ಟಿರಬಹುದು... ಯಾವ ಮಾತು ಹೇಳಿ ಕೊಟ್ಟಿರಿ?